ರಾತ್ರಿ ಬಿಟ್ಟು ಬೆಳಿಗ್ಗೆ ನೋಡಿದರೆ ಮೆಜೆಂಟಾ ಸೋರಿರುತ್ತದೆ: ಹೆಡ್ ಬದಲಿಸಲೇಬೇಕೇ?

ಮುದ್ರಣಮನೆ
ಎಲ್ಲರಿಗೂ ನಮಸ್ಕಾರ. ನಮ್ಮದು ಬ್ಯಾನರ್ ಮುದ್ರಿಸುವ ಇಕೋ ಸಾಲ್ವೆಂಟ್ (ಸೌಮ್ಯ ದ್ರಾವಕದ ಇಂಕ್ ಬಳಸುವ) ಯಂತ್ರ. ಎರಡು ಡಿಎಕ್ಸ್5 ಹೆಡ್‌ಗಳು (ಇಂಕ್ ಚಿಮ್ಮಿಸುವ ಭಾಗಗಳು) ಇವೆ, ಕಾರ್ಟ್ರಿಜ್ ತೆಗೆದು ದೊಡ್ಡ ಬಾಟಲಿಗಳನ್ನು ಜೋಡಿಸಿದ್ದೇವೆ. ಇತ್ತೀಚೆಗೆ ಒಂದೇ ತೊಂದರೆ ಮತ್ತೆ ಮತ್ತೆ ಕಾಡುತ್ತಿದೆ. ಸಂಜೆ ನಾಝಲ್ ಚೆಕ್ (ಹೆಡ್‌ನ ಎಲ್ಲ ರಂಧ್ರಗಳೂ ಇಂಕ್ ಬಿಡುತ್ತಿವೆಯೇ ಎಂದು ನೋಡುವ ಗೆರೆಗಳ ಮುದ್ರಣ) ತೆಗೆದರೆ ಎಲ್ಲ ಗೆರೆಗಳೂ ಪೂರ್ತಿ ಬರುತ್ತವೆ. ಬೆಳಿಗ್ಗೆ ಬಂದು ನೋಡಿದರೆ ಕ್ಯಾಪ್ (ನಿಂತ ಹೆಡ್‌ನ ಬಾಯಿ ಮುಚ್ಚುವ ಬಟ್ಟಲು) ತುಂಬ ಮೆಜೆಂಟಾ ನಿಂತಿರುತ್ತದೆ, ಪಕ್ಕದ ಹಳದಿ ಕೆಂಪಗಾಗಿರುತ್ತದೆ. ಕ್ಲೀನಿಂಗ್ ಕೊಟ್ಟರೆ ಸರಿಹೋಗುತ್ತದೆ. ಆದರೆ ಗಾಢ ಬಣ್ಣದ ಬ್ಯಾನರ್ ಹಾಕಿದಾಗ ಅರ್ಧ ಮೀಟರ್ ಆಗುವಷ್ಟರಲ್ಲಿ ಮೆಜೆಂಟಾ ತೆಳುವಾಗುತ್ತಾ ಹೋಗಿ ಕೊನೆಗೆ ನಿಂತೇ ಬಿಡುತ್ತದೆ. ಇಷ್ಟು ಸಾಲದೆಂಬಂತೆ ಕ್ಯಾರೇಜ್ (ಹೆಡ್ ಹೊತ್ತು ಓಡಾಡುವ ಭಾಗ) ನಿಂತಿರುವಾಗ ವಿನೈಲ್ ಮೇಲೆ ಹನಿ ಬಿದ್ದು ಮುಗಿದ ಕೆಲಸವೂ ಹಾಳಾಗಿದೆ.

ಸರ್ವಿಸ್‌ಗೆ ಬಂದವರು ನೋಡಿದ ಕೂಡಲೇ ‘ಹೆಡ್ ಹೋಗಿದೆ, ಬದಲಿಸಿ’ ಎಂದರು. ಏನನ್ನೂ ಬಿಚ್ಚಿ ನೋಡಲಿಲ್ಲ. ನಾಝಲ್ ಚೆಕ್ ಪೂರ್ತಿ ಬರುವ ಹೆಡ್ ಕೆಟ್ಟಿದೆ ಎಂದರೆ ಹೇಗೆ ನಂಬುವುದು? ತಿಳಿದವರು ದಾರಿ ತೋರಿಸಿ.

ಬ್ಯಾನರ್ ಬರಹ
ಹೆಡ್‌ಗೆ ಕೈ ಹಚ್ಚಬೇಡಿ. ಮೊದಲು ಡ್ಯಾಂಪರ್ (ಟ್ಯೂಬಿಗೂ ಹೆಡ್‌ಗೂ ನಡುವೆ ಇಂಕ್ ಹಿಡಿದಿಡುವ ಸಣ್ಣ ಡಬ್ಬಿ) ನೋಡಿ.

ರಾತ್ರಿಪಾಳಿ
ಅರ್ಧ ಮೀಟರ್‌ಗೆ ಬಣ್ಣ ನಿಲ್ಲುತ್ತದೆ ಎಂದರೆ ಹೆಡ್‌ಗೆ ಬೇಕಾದಷ್ಟು ಇಂಕ್ ತಲುಪುತ್ತಿಲ್ಲ. ಮೆಜೆಂಟಾ ಬಾಟಲಿಯನ್ನು ಒಂದು ಅಡಿ ಎತ್ತರದಲ್ಲಿ ಇಡಿ. ನಮ್ಮ ಯಂತ್ರದಲ್ಲಿ ಹಾಗೆಯೇ ಮಾಡಿದ್ದೇವೆ. ಇಂಕ್ ಸರಾಗವಾಗಿ ಇಳಿಯುತ್ತದೆ, ಎಷ್ಟು ಗಾಢ ಬಣ್ಣವಾದರೂ ಗೆರೆ ಹಾರುವುದಿಲ್ಲ.

ಎಂಟುಬಣ್ಣ
ರಾತ್ರಿಪಾಳಿಯವರೇ, ದಯವಿಟ್ಟು ಈ ಸಲಹೆ ಬೇಡ. ಈಗಾಗಲೇ ಸೋರುತ್ತಿರುವ ಹೆಡ್‌ಗೆ ಬಾಟಲಿ ಎತ್ತರಿಸಿದರೆ ಹನಿ ಹೋಗಿ ಧಾರೆಯಾಗುತ್ತದೆ.

ನಾಝಲ್ ರಂಧ್ರದ ಅಗಲ ಒಂದು ಮಿಲಿಮೀಟರ್‌ನ ಕೆಲವೇ ನೂರನೇ ಭಾಗಗಳಷ್ಟು. ಅದರ ಬಾಯಿಯಲ್ಲಿ ಇಂಕಿನ ಮೇಲ್ಮೈ ಸ್ವಲ್ಪ ಒಳಕ್ಕೆ ಬಾಗಿ ನಿಂತಿರಬೇಕು. ಹಾಗೆ ನಿಲ್ಲಿಸುವುದು ಎರಡು ಸಂಗತಿಗಳು: ಇಂಕಿನ ಮೇಲ್ಮೈ ಎಳೆತ, ಮತ್ತು ಹಿಂದಿನಿಂದ ಅದನ್ನು ಹಗುರವಾಗಿ ಒಳಗೆ ಎಳೆದಿಡುವ ಋಣ ಒತ್ತಡ (ಹೊರಗಿನ ಗಾಳಿಗಿಂತ ಕಡಿಮೆ ಒತ್ತಡ). ಸ್ಟ್ರಾದ ಮೇಲ್ತುದಿಗೆ ಬೆರಳೊತ್ತಿ ಎತ್ತಿದರೆ ಒಳಗಿನ ನೀರು ಬೀಳದೆ ನಿಲ್ಲುತ್ತದೆಯಲ್ಲ, ಬೆರಳು ತೆಗೆದರೆ ಸುರಿಯುತ್ತದೆ. ಹೆಡ್‌ನ ಒಳಗೂ ಇದೇ ಕತೆ. ಮೇಲಿನಿಂದ ಗಾಳಿ ಎಲ್ಲಿಂದಾದರೂ ನುಸುಳಿದರೆ ಕೆಳಗಿನ ಇಂಕ್ ನಿಲ್ಲುವುದಿಲ್ಲ.

ಬಾಟಲಿಯ ಎತ್ತರಕ್ಕೂ ಲೆಕ್ಕವಿದೆ. 10 ಸೆಂಟಿಮೀಟರ್ ಎತ್ತರದ ವ್ಯತ್ಯಾಸಕ್ಕೆ ಸುಮಾರು 1 ಕಿಲೋಪಾಸ್ಕಲ್ ಒತ್ತಡ. ಬಾಟಲಿಯಲ್ಲಿನ ಇಂಕ್ ಮಟ್ಟ ನಾಝಲ್‌ಗಿಂತ ಕೆಳಗಿದ್ದರೆ ಅಷ್ಟು ಋಣ ಒತ್ತಡ ಸಿಗುತ್ತದೆ. ಮೇಲಿದ್ದರೆ ಅಷ್ಟೇ ಒತ್ತಡ ಇಂಕನ್ನು ಹೊರಗೆ ತಳ್ಳುತ್ತದೆ.

ರಾತ್ರಿಪಾಳಿ
ಹಾಗಾದರೆ ನಮ್ಮ ಯಂತ್ರ ಏಕೆ ಸೋರುವುದಿಲ್ಲ? ನಮ್ಮ ಬಾಟಲಿಗಳು ಹೆಡ್‌ಗಿಂತ ಮೇಲೆಯೇ ಇವೆ. ಪುಸ್ತಕದ ಮಾತು ಬೇರೆ, ಯಂತ್ರದ ಮುಂದೆ ನಿಂತು ನೋಡುವುದು ಬೇರೆ.

ಚಿಕ್ಕತಿರುಪು
ಇಬ್ಬರ ಮಾತಿನಲ್ಲೂ ಹುರುಳಿದೆ. ಕೆಲವು ಯಂತ್ರಗಳ ಡ್ಯಾಂಪರ್‌ನಲ್ಲಿ ಸ್ಪ್ರಿಂಗ್ ಇರುವ ಸಣ್ಣ ಕವಾಟವಿರುತ್ತದೆ. ಹೆಡ್ ಇಂಕ್ ಬಳಸಿದಾಗ ಒಳಗಿನ ಪೊರೆ ಒಳಕ್ಕೆ ಬಾಗಿ ಕವಾಟ ತೆರೆಯುತ್ತದೆ, ಉಳಿದ ಹೊತ್ತು ಮುಚ್ಚಿಕೊಂಡಿರುತ್ತದೆ. ಅಂಥ ಯಂತ್ರದಲ್ಲಿ ಬಾಟಲಿ ಮೇಲಿದ್ದರೂ ಹನಿ ಬೀಳುವುದಿಲ್ಲ. ರಾತ್ರಿಪಾಳಿಯವರದು ಬಹುಶಃ ಆ ಬಗೆಯದು. ಕವಾಟವಿಲ್ಲದ, ಬರೀ ಜಾಲರಿ ಮತ್ತು ಪೊರೆ ಇರುವ ಡ್ಯಾಂಪರ್ ಆದರೆ ಬಾಟಲಿ ಮೇಲಿಟ್ಟ ದಿನವೇ ಸೋರುತ್ತದೆ. ಆದ್ದರಿಂದ ಒಬ್ಬರ ಯಂತ್ರದ ಎತ್ತರವನ್ನು ಇನ್ನೊಬ್ಬರು ನಕಲು ಮಾಡಬಾರದು. ಯಂತ್ರದ ಕೈಪಿಡಿಯಲ್ಲಿ ಹೇಳಿದ ಮಟ್ಟವೇ ಸರಿ. ಅಂದಹಾಗೆ, ಆ ಕವಾಟದಲ್ಲಿ ಒಂದು ಕಸದ ಕಣ ಸಿಕ್ಕಿಕೊಂಡರೂ ಸಾಕು, ಮೇಲಿಟ್ಟ ಬಾಟಲಿಯಲ್ಲಿರುವ ಇಂಕೆಲ್ಲ ರಾತ್ರೋರಾತ್ರಿ ಕ್ಯಾಪ್ ತುಂಬಿ ನೆಲಕ್ಕೆ ಹರಿಯುತ್ತದೆ.

ಮುದ್ರಣಮನೆಯವರೇ, ನಿಮಗೆ ಎರಡು ಪ್ರಶ್ನೆ. ಹನಿ ಬೀಳುವುದು ಸ್ವಲ್ಪ ಹೊತ್ತಿನ ನಂತರ ತಾನಾಗಿ ನಿಲ್ಲುತ್ತದೆಯೇ, ಅಥವಾ ನಿಲ್ಲದೆ ಬೀಳುತ್ತಲೇ ಇರುತ್ತದೆಯೇ? ಸೋರುವುದು ಮೆಜೆಂಟಾ ಒಂದೇ, ಅಥವಾ ಬೇರೆ ಬಣ್ಣವೂ ಇದೆಯೇ?

ಮುದ್ರಣಮನೆ
ಒಂದೇ ಹೆಡ್‌ನಲ್ಲಿ, ಮೆಜೆಂಟಾ ಮಾತ್ರ. ಹನಿಗಳು ಬಿದ್ದು ಬಿದ್ದು ಆಮೇಲೆ ನಿಲ್ಲುತ್ತವೆ. ನಿಂತ ಮೇಲೆ ನಾಝಲ್ ಚೆಕ್ ತೆಗೆದರೆ ಮೆಜೆಂಟಾ ಸಾಲು ಪೂರ್ತಿ ಖಾಲಿ. ಬಾಟಲಿಗಳೆಲ್ಲ ಒಂದೇ ಸಾಲಿನಲ್ಲಿ, ಹೆಡ್‌ಗಿಂತ ಕೆಳಗೇ ಇವೆ.

ಎಂಟುಬಣ್ಣ
ಹಾಗಾದರೆ ಅರ್ಧ ಉತ್ತರ ಸಿಕ್ಕಂತೆಯೇ. ಎತ್ತರದ ತೊಂದರೆಯಾಗಿದ್ದರೆ ಎಲ್ಲ ಬಣ್ಣಗಳೂ ಸೋರಬೇಕಿತ್ತು, ಬಾಟಲಿಯ ಮಟ್ಟ ಇಳಿಯುವವರೆಗೆ ಸೋರುತ್ತಲೇ ಇರಬೇಕಿತ್ತು, ಮುದ್ರಿಸುವಾಗ ಬಣ್ಣ ನಿಲ್ಲಬಾರದಿತ್ತು. ನಿಮ್ಮಲ್ಲಿ ಡ್ಯಾಂಪರ್‌ನೊಳಗಿನ ಇಂಕ್ ಇಳಿದು ಖಾಲಿಯಾಗಿ ನಿಲ್ಲುತ್ತಿದೆ. ಅದರ ಜಾಗಕ್ಕೆ ಗಾಳಿ ಬಂದಿದೆ. ಅದೇ ಗಾಳಿ ಮುದ್ರಿಸುವಾಗ ಇಂಕನ್ನೂ ತಡೆಯುತ್ತಿದೆ. ಸೋರುವುದೂ ಬಣ್ಣ ನಿಲ್ಲುವುದೂ ಎರಡು ಬೇರೆ ಕಾಯಿಲೆಗಳಲ್ಲ.

ಗಾಳಿ ಎಲ್ಲಿಂದ ಎಂಬುದನ್ನು ಮಾತ್ರ ಹುಡುಕಬೇಕು.

ಫ್ಲೆಕ್ಸ್ ಬಂಧು
ನಮ್ಮಲ್ಲಿ ಹೀಗೆಯೇ ಸೋರಿದಾಗ ಕಾರಣ ಒಂದು ನೂಲು! ಬಟ್ಟೆಯ ಮೇಲೆ ಮುದ್ರಿಸಿದಾಗ ಅಂಚಿನ ಎಳೆಯೊಂದು ಹೆಡ್‌ಗೆ ಅಂಟಿಕೊಂಡಿತ್ತು. ನಾಝಲ್‌ಗೆ ತಾಗಿದ ನೂಲು ಇಂಕನ್ನು ಹೀರಿ ಹೀರಿ ಕೆಳಗೆ ಇಳಿಸುತ್ತಲೇ ಇರುತ್ತದೆ. ಡ್ಯಾಂಪರ್, ಟ್ಯೂಬ್ ಎಲ್ಲ ಬದಲಿಸಿದ ಮೇಲೆ ಟಾರ್ಚ್ ಹಿಡಿದು ಕೆಳಗಿನಿಂದ ನೋಡಿದಾಗ ಕಂಡಿತು. ಮೊದಲು ಅದೊಂದು ನೋಡಿಬಿಡಿ, ಖರ್ಚಿಲ್ಲದ ಪರೀಕ್ಷೆ.

ಸೂಕ್ಷ್ಮರಂಧ್ರ
ಕ್ಯಾಪ್ ಕೂಡ ನೋಡಿ. ಕ್ಯಾಪ್‌ಗೆ ಫ್ಲಶ್ (ಇಂಕ್ ತೊಳೆಯುವ) ದ್ರವ ತುಂಬಿ ಪಂಪ್ ಓಡಿಸಿದರೆ ಪೂರ್ತಿ ಖಾಲಿಯಾಗಬೇಕು. ಆಗದಿದ್ದರೆ ಪಂಪಿನ ಒಳಗಿನ ಟ್ಯೂಬ್ ಸವೆದಿದೆ, ಅಥವಾ ಕ್ಯಾಪಿನ ತುಟಿಯಲ್ಲಿ ಒಣಗಿದ ಇಂಕ್ ಕೂತು ಗಾಳಿ ಎಳೆಯುತ್ತಿದೆ. ವ್ಯರ್ಥ ಇಂಕಿನ ಟ್ಯೂಬಿನ ತುದಿ ಡಬ್ಬಿಯ ಇಂಕಿನೊಳಗೆ ಮುಳುಗಿರಬಾರದು. ಮುಳುಗಿದ್ದರೆ ಕೆಲವೊಮ್ಮೆ ಸೈಫನ್ ಆಗಿ ಹೆಡ್‌ನಿಂದಲೇ ಇಂಕ್ ಎಳೆಯುತ್ತದೆ. ಡಬ್ಬಿ ತುಂಬಿ ತುಳುಕುವವರೆಗೆ ಬಿಡುವ ಅಂಗಡಿಗಳನ್ನು ಬಹಳ ನೋಡಿದ್ದೇನೆ.

ಇನ್ನೊಂದು ಮಾತು. ರಾತ್ರಿ ಹೊತ್ತು ಕ್ಯಾಪ್ ತುಂಬ ಫ್ಲಶ್ ಹಾಕಿ ಹೆಡ್ ನೆನೆಸಿಡುವ ಅಭ್ಯಾಸ ಕೆಲವರಿಗಿದೆ. ನನಗೆ ಅದು ಸ್ವಲ್ಪವೂ ಇಷ್ಟವಿಲ್ಲ. ದ್ರವ ನಾಝಲ್ ತಟ್ಟೆಗೆ ತಾಗಿದರೆ ಅಲ್ಲಿ ನಿಂತಿದ್ದ ಇಂಕಿನ ಮೇಲ್ಮೈ ಒಡೆಯುತ್ತದೆ, ಬಣ್ಣಗಳು ಒಂದರೊಳಗೊಂದು ಬೆರೆಯುತ್ತವೆ. ಹಳದಿ ಕೆಂಪಾಗುವುದಕ್ಕೆ ಅದೂ ಕಾರಣವಾಗುತ್ತದೆ.

ಬ್ಯಾನರ್ ಬರಹ
ಇದನ್ನು ಒಪ್ಪುವುದಿಲ್ಲ ಸೂಕ್ಷ್ಮರಂಧ್ರ. ಕ್ಯಾಪಿನ ಸ್ಪಂಜು ತೇವವಾಗುವಷ್ಟು ಕೆಲವು ಹನಿ ಹಾಕಿದರೆ ರಜೆಯ ದಿನಗಳಲ್ಲಿ ಹೆಡ್ ಒಣಗದೆ ಉಳಿಯುತ್ತದೆ. ನಾವು ವರ್ಷಗಳಿಂದ ಮಾಡುತ್ತಿದ್ದೇವೆ.

ಸೂಕ್ಷ್ಮರಂಧ್ರ
ಸ್ಪಂಜು ತೇವ ಮಾಡುವುದು ಸರಿ. ನಾನು ಹೇಳಿದ್ದು ಅಂಚಿನವರೆಗೆ ತುಂಬುವುದನ್ನು.

ಚಿಕ್ಕತಿರುಪು
ಗಾಳಿ ಎಲ್ಲಿಂದ ಬರುತ್ತಿದೆ ಎಂದು ಕಂಡುಹಿಡಿಯಲು ನಾನು ಮಾಡುವ ಕ್ರಮ ಹೇಳುತ್ತೇನೆ. ಮೊದಲ ಮಾತು, ಯಂತ್ರ ಆಫ್ ಮಾಡಿ, ಪ್ಲಗ್ ಕೂಡ ತೆಗೆಯಿರಿ. ಡಿಎಕ್ಸ್5 ಹೆಡ್‌ನ ಚಪ್ಪಟೆ ಕೇಬಲ್‌ಗಳು ಡ್ಯಾಂಪರ್‌ನ ಪಕ್ಕದಲ್ಲೇ ಇಳಿದಿರುತ್ತವೆ. ಡ್ಯಾಂಪರ್ ಬಿಚ್ಚುವಾಗ ಚೆಲ್ಲಿದ ಒಂದು ಹನಿ ಕೇಬಲ್ ಹಿಡಿದು ಜಾರಿ ಕನೆಕ್ಟರ್ ಸೇರಿದರೆ ಸಾಕು. ಒದ್ದೆ ಇರುವಾಗಲೇ ಯಂತ್ರ ಆನ್ ಮಾಡಿದರೆ ಹೆಡ್ ಶಾರ್ಟ್ ಆಗುತ್ತದೆ, ಎಷ್ಟೋ ಸಲ ಮೇನ್ ಬೋರ್ಡಿನ ಫ್ಯೂಸನ್ನೂ ಟ್ರಾನ್ಸಿಸ್ಟರನ್ನೂ ಜೊತೆಗೆ ಸುಟ್ಟುಹಾಕುತ್ತದೆ. ಚೆನ್ನಾಗಿದ್ದ ಹೆಡ್‌ಗಳು ಹೀಗೆ ಸಾಯುವುದನ್ನು ಕಂಡು ಹೊಟ್ಟೆ ಉರಿದಿದೆ. ನೂಲು ಬಿಡದ ಬಟ್ಟೆಯನ್ನು ಕೇಬಲ್ ಸುತ್ತ ಮಡಚಿಟ್ಟೇ ಕೆಲಸ ಶುರು ಮಾಡಿ.

ಮೊದಲ ಪರೀಕ್ಷೆ ಕ್ಲಿಪ್‌ನದು. ಡ್ಯಾಂಪರ್‌ಗೆ ಬರುವ ಮೆಜೆಂಟಾ ಟ್ಯೂಬನ್ನು ಡ್ಯಾಂಪರ್‌ಗಿಂತ ಸ್ವಲ್ಪ ಹಿಂದೆ ಪ್ಲಾಸ್ಟಿಕ್ ಕ್ಲಿಪ್‌ನಿಂದ ಒತ್ತಿ ಮುಚ್ಚಿ. ಕಬ್ಬಿಣದ ಇಕ್ಕುಳ ಬೇಡ, ಟ್ಯೂಬಿಗೆ ಗಾಯವಾಗುತ್ತದೆ. ಮುಚ್ಚಿದ ಮೇಲೂ ಹನಿ ಬೀಳುತ್ತಲೇ ಹೋದರೆ ಗಾಳಿ ಕ್ಲಿಪ್‌ಗೂ ಹೆಡ್‌ಗೂ ನಡುವೆ ಬರುತ್ತಿದೆ: ಟ್ಯೂಬನ್ನು ಡ್ಯಾಂಪರ್‌ಗೆ ಬಿಗಿಯುವ ನಟ್, ಅದರೊಳಗಿನ ಓ-ರಿಂಗ್ (ರಬ್ಬರ್ ಬಳೆ), ಡ್ಯಾಂಪರ್‌ನ ಪೊರೆ, ಅಥವಾ ಡ್ಯಾಂಪರ್ ಹೆಡ್‌ಗೆ ಕೂರುವ ಜಾಗ. ಹನಿ ನಿಂತರೆ ಹಿಂದೆ ಹುಡುಕಬೇಕು. ಕೇಬಲ್ ಚೈನಿನೊಳಗೆ ಟ್ಯೂಬ್ ಉಜ್ಜಿ ಉಜ್ಜಿ ಬಿರುಕು ಬಿಟ್ಟಿರಬಹುದು, ಜೋಡಣೆಯ ಕೊಂಡಿಗಳು ಸಡಿಲವಾಗಿರಬಹುದು. ಶುರುವಿನಲ್ಲಿ ಒಂದೆರಡು ಹನಿ ಬಿದ್ದರೆ ಲೆಕ್ಕಕ್ಕಿಲ್ಲ, ಪೊರೆ ಕುಗ್ಗುವಾಗ ಅಷ್ಟು ಬರುತ್ತದೆ.

ಎರಡನೆಯದು ಸಿರಿಂಜ್ ಪರೀಕ್ಷೆ. ಕ್ಲಿಪ್ ತೆಗೆದು, ಡ್ಯಾಂಪರನ್ನು ಹೆಡ್‌ನಿಂದ ಬಿಡಿಸಿ, ಅದರ ಹೊರಬಾಯಿಗೆ ಸಿರಿಂಜ್ ಸೇರಿಸಿ ನಿಧಾನವಾಗಿ ಎಳೆಯಿರಿ. ಇಂಕಿನ ಜೊತೆ ಗುಳ್ಳೆಗಳು ಎಡೆಬಿಡದೆ ಬರುತ್ತಿದ್ದರೆ ಸೋರಿಕೆ ಡ್ಯಾಂಪರ್‌ನಲ್ಲಿ ಅಥವಾ ಅದಕ್ಕಿಂತ ಹಿಂದೆ. ಗುಳ್ಳೆಯೇ ಇಲ್ಲದೆ ಇಂಕ್ ಬಂದರೆ ಡ್ಯಾಂಪರ್ ಮತ್ತು ಹೆಡ್ ಸೇರುವ ಜಾಗವನ್ನೇ ಅನುಮಾನಿಸಿ.

ಬಹಳ ಜನ ತಪ್ಪುವುದು ಇಲ್ಲಿ. ‘ಹೊರಗೆಲ್ಲ ಒಣಗಿದೆ, ಎಲ್ಲೂ ಸೋರಿಕೆ ಇಲ್ಲ’ ಎನ್ನುತ್ತಾರೆ. ಒಳಗೆ ಋಣ ಒತ್ತಡವಿದೆಯಲ್ಲ, ಆ ಬಿರುಕು ಹೊರಗಿನ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ಇಂಕ್ ಹೊರಗೆ ಒಸರಲೇಬೇಕೆಂದಿಲ್ಲ.

ಮುದ್ರಣಮನೆ
ಬಹಳ ಉಪಕಾರವಾಯಿತು. ಕೊನೆಯ ಮಾತು ನಮಗೆ ಯಾರೂ ಹೇಳಿರಲಿಲ್ಲ. ನಾಳೆ ಮಾಡಿ ನೋಡಿ ಬರೆಯುತ್ತೇನೆ.

ಗಾಳಿಕಿಂಡಿ
ಮಾಡುವ ಮುಂಚೆ ಇದನ್ನೂ ಓದಿ. ಕೈಗವಸು, ಕನ್ನಡಕ ಇಲ್ಲದೆ ಸಿರಿಂಜ್ ಎಳೆಯಬೇಡಿ. ಒತ್ತಡದಲ್ಲಿ ಸಿರಿಂಜ್ ಕಿತ್ತು ಬಂದರೆ ಇಂಕ್ ನೇರ ಮುಖಕ್ಕೆ ಹಾರುತ್ತದೆ. ತೆಳುವಾದ ಲ್ಯಾಟೆಕ್ಸ್ ಕೈಗವಸು ಸಾಲ್ವೆಂಟ್‌ಗೆ ಪ್ರಯೋಜನವಿಲ್ಲ. ನೈಟ್ರೈಲ್ ಇರಲಿ, ಒದ್ದೆಯಾದ ತಕ್ಷಣ ಬದಲಿಸಿ. ಸೈಕ್ಲೋಹೆಕ್ಸನೋನ್ ಎಂಬ ಕಟು ದ್ರಾವಕವಿರುವ ಹಾರ್ಡ್ ಸಾಲ್ವೆಂಟ್ ಇಂಕಿನಲ್ಲಿ ಬಹಳ ಹೊತ್ತು ಕೈ ಆಡಿಸುವವರಿಗೆ ಬ್ಯುಟೈಲ್ ರಬ್ಬರಿನದೇ ಬೇಕು.

ಸಾಲ್ವೆಂಟ್ ಆವಿ ಗಾಳಿಗಿಂತ ಭಾರ. ಅದು ನೆಲದ ಮಟ್ಟದಲ್ಲಿ ಕೂರುತ್ತದೆ. ಛಾವಣಿಯಲ್ಲಿ ಮಾತ್ರ ಫ್ಯಾನ್ ಹಾಕಿಸಿ ವಾಸನೆ ಹೋಗುತ್ತಿಲ್ಲ ಎನ್ನುವವರು ಗಾಳಿ ಹೊರಹೋಗುವ ದಾರಿಯನ್ನು ಕೆಳಗೆ ಮಾಡಿಸಬೇಕು. ಸೈಕ್ಲೋಹೆಕ್ಸನೋನ್‌ನ ಆವಿ 44 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕಿಡಿಗೆ ಹೊತ್ತಿಕೊಳ್ಳುವಷ್ಟಾಗುತ್ತದೆ. ಚೆಲ್ಲಿದ ಇಂಕಿನ ಪಕ್ಕದಲ್ಲಿ ಹೀಟರ್ ಉರಿಸಿಕೊಂಡು ಕೂರಬೇಡಿ.

ಫ್ಲೆಕ್ಸ್ ಬಂಧು
ಒರೆಸಿದ ಬಟ್ಟೆಯನ್ನು ಏನು ಮಾಡುತ್ತೀರಿ? ನಮ್ಮಲ್ಲಿ ಮೂಲೆಯಲ್ಲಿ ರಾಶಿ ಬೀಳುತ್ತದೆ.

ಗಾಳಿಕಿಂಡಿ
ಮುಚ್ಚಳವಿರುವ ಲೋಹದ ಡಬ್ಬಿಗೆ ಹಾಕಿ. ವ್ಯರ್ಥ ಇಂಕ್ ಚರಂಡಿಗೆ ಸುರಿಯುವಂತಿಲ್ಲ, ಅಪಾಯಕಾರಿ ತ್ಯಾಜ್ಯ ಒಯ್ಯುವವರಿಗೇ ಕೊಡಬೇಕು. ಈ ವಿಷಯದಲ್ಲಿ ನಾನು ಯಾರ ನೆಪವನ್ನೂ ಕೇಳುವುದಿಲ್ಲ. ಆ ನೀರನ್ನು ಕುಡಿಯುವವರು ಇದ್ದಾರೆ.

ರಾತ್ರಿಪಾಳಿ
ನನ್ನ ಯಂತ್ರದ ಹಳೆಯ ಡ್ಯಾಂಪರೊಂದನ್ನು ಬಿಚ್ಚಿ ನೋಡಿದೆ. ಚಿಕ್ಕತಿರುಪು ಹೇಳಿದಂತೆ ಒಳಗೆ ಸ್ಪ್ರಿಂಗೂ ಕವಾಟವೂ ಇವೆ. ಆದರೂ ಒಂದು ಮಾತು ಬಿಡುವುದಿಲ್ಲ: ಬಾಟಲಿ ತೀರಾ ಕೆಳಗಿಟ್ಟರೂ ಹೆಡ್ ಇಂಕ್ ಎಳೆಯಲಾರದೆ ಗೆರೆ ಹಾರುತ್ತದೆ. ಕೆಳಗಿಟ್ಟಷ್ಟೂ ಒಳ್ಳೆಯದು ಎಂದು ಯಾರೂ ತಿಳಿಯಬಾರದು.

ಎಂಟುಬಣ್ಣ
ಪೂರ್ತಿ ಒಪ್ಪುತ್ತೇನೆ. ಋಣ ಒತ್ತಡ ಅತಿಯಾದರೆ ನಾಝಲ್ ಬಾಯಿಯಿಂದಲೇ ಗಾಳಿ ಒಳಗೆ ಹೋಗುತ್ತದೆ.

ಮುದ್ರಣಮನೆ
ಪರೀಕ್ಷೆ ಮಾಡಿದೆವು. ಕ್ಲಿಪ್ ಹಾಕಿದ ಮೇಲೂ ಹನಿ ನಿಲ್ಲಲಿಲ್ಲ. ಹೆಡ್ ಕೆಳಗೆ ನೂಲು, ಕೂದಲು ಏನೂ ಇಲ್ಲ. ಸಿರಿಂಜ್ ಎಳೆದಾಗ ಗುಳ್ಳೆಗಳು ಸಾಲುಸಾಲಾಗಿ ಬಂದವು. ಒಬ್ಬರು ಎಳೆಯುತ್ತಿರುವಾಗ ಇನ್ನೊಬ್ಬರು ಟ್ಯೂಬನ್ನು ಹಗುರವಾಗಿ ಅಲುಗಾಡಿಸಿದರೆ ಗುಳ್ಳೆ ಹೆಚ್ಚುತ್ತಿತ್ತು, ನಟ್ ಹತ್ತಿರ ಒತ್ತಿ ಹಿಡಿದರೆ ನಿಲ್ಲುತ್ತಿತ್ತು. ನಟ್ ಬಿಚ್ಚಿದರೆ ಒಳಗಿನ ಓ-ರಿಂಗ್ ಉಬ್ಬಿ ಮೆತ್ತಗಾಗಿ ಒಂದು ಕಡೆ ಹಿಂಡಿಕೊಂಡಿದೆ. ಹೊರಗಡೆ ಒಂದು ಚೂರೂ ಇಂಕಿಲ್ಲ, ನೀವು ಹೇಳಿದಂತೆಯೇ!

ಕಳೆದ ಸರ್ವಿಸ್‌ನಲ್ಲಿ ಇದೇ ಸಾಲಿನ ಓ-ರಿಂಗ್ ಬದಲಿಸಿದ್ದರು. ಉಳಿದ ಬಣ್ಣಗಳದ್ದು ಹಳೆಯವು, ಗಟ್ಟಿಯಾಗಿ ಚೆನ್ನಾಗಿವೆ. ಹೊಸದು ಮಾತ್ರ ಹೀಗೇಕಾಯಿತು?

ಎಂಟುಬಣ್ಣ
ಅದು ಸಾಮಾನ್ಯ ರಬ್ಬರ್ ಆಗಿರಬೇಕು. ನೋಡಲು ಎಲ್ಲವೂ ಕಪ್ಪು ಬಳೆಗಳೇ, ವ್ಯತ್ಯಾಸ ಕಣ್ಣಿಗೆ ಕಾಣುವುದಿಲ್ಲ. ನೈಸರ್ಗಿಕ ರಬ್ಬರ್, ಸಿಲಿಕೋನ್ ಇವೆಲ್ಲ ಸಾಲ್ವೆಂಟ್ ಹೀರಿ ಉಬ್ಬುತ್ತವೆ. ಹಾರ್ಡ್ ಸಾಲ್ವೆಂಟ್‌ನ ಕೀಟೋನ್‌ಗಳ (ಸೈಕ್ಲೋಹೆಕ್ಸನೋನ್‌ನಂಥ ದ್ರಾವಕಗಳ) ಮುಂದೆ ವಿಟಾನ್ ಎಂಬ ವಿಶೇಷ ರಬ್ಬರ್ ಕೂಡ ಉಬ್ಬುತ್ತದೆ, ಅಲ್ಲಿ ಕಾಲ್ರೆಜ್ ಬಗೆಯ ರಬ್ಬರ್ ಅಥವಾ ಟೆಫ್ಲಾನ್ ಬೇಕು. ಅಂದಾಜಿನಲ್ಲಿ ತರಬೇಡಿ. ನಿಮ್ಮ ಇಂಕ್ ತಯಾರಕರು ಯಾವ ವಸ್ತು ಹೇಳಿದ್ದಾರೋ ಅದನ್ನೇ ಕೇಳಿ ತನ್ನಿ.

ಟ್ಯೂಬಿಗೂ ಇದೇ ಮಾತು. ಸಾಮಾನ್ಯ ಪಿವಿಸಿ ಟ್ಯೂಬ್ ಹಾಕಿದರೆ ಅದನ್ನು ಮೆತ್ತಗಿಡುವ ಎಣ್ಣೆಯಂಥ ಪದಾರ್ಥವನ್ನು ಸಾಲ್ವೆಂಟ್ ಕರಗಿಸಿಕೊಂಡು ಹೋಗುತ್ತದೆ. ಟ್ಯೂಬ್ ಕ್ರಮೇಣ ಗಡುಸಾಗಿ ಜೋಡಣೆಯ ಬಳಿ ಸೀಳುತ್ತದೆ.

ಚಿಕ್ಕತಿರುಪು
ಹೊಸ ಓ-ರಿಂಗ್ ಹಾಕುವಾಗ ಟ್ಯೂಬಿನ ತುದಿಯನ್ನು ಹರಿತವಾದ ಬ್ಲೇಡಿನಿಂದ ನೇರವಾಗಿ ಕತ್ತರಿಸಿ. ಹಿಂಡಿದ ಗುರುತಿರುವ ತುದಿಯ ಮೇಲೆ ಹೊಸ ಬಳೆ ಕೂರುವುದಿಲ್ಲ. ನಟ್ ಕೈಯಿಂದ ಬಿಗಿ ಮಾಡಿದರೆ ಸಾಕು. ಸ್ಪ್ಯಾನರ್ ಹಾಕಿ ತಿರುಗಿಸಿದರೆ ಡ್ಯಾಂಪರ್‌ನ ಪ್ಲಾಸ್ಟಿಕ್ ಕುತ್ತಿಗೆಯೇ ಬಿರಿಯುತ್ತದೆ, ಆಗ ಅಲ್ಲಿಂದ ಗಾಳಿ. ಡ್ಯಾಂಪರನ್ನೂ ಹೊಸದು ಹಾಕಿ. ಬಿಚ್ಚಿದ ಮೇಲೆ ಹಳೆಯದನ್ನು ಮತ್ತೆ ಕೂರಿಸುವುದು ನನಗೆ ಒಪ್ಪಿಗೆಯಿಲ್ಲ.

ಮುದ್ರಣಮನೆ
ಹಾಗೆಯೇ ಮಾಡಿದೆವು. ಸಿರಿಂಜ್‌ನಿಂದ ಎಳೆದು ಗಾಳಿ ತೆಗೆದು ಕೂರಿಸಿದ್ದೇವೆ. ಬೆಳಿಗ್ಗೆ ಕ್ಯಾಪ್ ಖಾಲಿ, ನಾಝಲ್ ಚೆಕ್ ಪೂರ್ತಿ. ಗಾಢ ಮೆಜೆಂಟಾ ತುಂಬಿದ ಉದ್ದದ ಬ್ಯಾನರ್ ಹಾಕಿದೆವು, ಎಲ್ಲಿಯೂ ತೆಳುವಾಗಲಿಲ್ಲ. ಹೆಡ್‌ಗೆ ಏನೂ ಆಗಿರಲಿಲ್ಲ.

ಬ್ಯಾನರ್ ಬರಹ
ಒಂದು ರಬ್ಬರ್ ಬಳೆಗೋಸ್ಕರ ಹೆಡ್ ಬದಲಿಸಿ ಎಂದಿದ್ದರಲ್ಲ! ಹೊಸ ಹೆಡ್ ಹಾಕಿದ್ದರೂ ಅದೇ ರೀತಿ ಸೋರುತ್ತಿತ್ತು. ಬಿಚ್ಚಿ ನೋಡದೆ ಬದಲಿಸಿ ಎನ್ನುವವರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ.

ಚಿಕ್ಕತಿರುಪು
ಸಿಟ್ಟು ನ್ಯಾಯವೇ. ಆದರೆ ಹೆಡ್ ನಿಜವಾಗಿ ಹೋಗಿರುವ ಸಂದರ್ಭವೂ ಇರುತ್ತದೆ. ಹನಿ ನಾಝಲ್ ಸಾಲಿನಿಂದ ಬಾರದೆ ತಟ್ಟೆಯ ಅಂಚಿನಿಂದ ಒಸರುತ್ತಿದ್ದರೆ ತಟ್ಟೆಯ ಅಂಟು ಬಿಟ್ಟಿದೆ ಎಂದರ್ಥ. ಮೀಡಿಯಾ (ಮುದ್ರಿಸುವ ವಿನೈಲ್ ಅಥವಾ ಬಟ್ಟೆ) ಮೇಲೆದ್ದು ಹೆಡ್‌ಗೆ ಬಡಿದ ಮೇಲೆ ಹಾಗಾಗುತ್ತದೆ. ಅದಕ್ಕೆ ಡ್ಯಾಂಪರ್ ಬದಲಿಸಿ ಉಪಯೋಗವಿಲ್ಲ.

ಹೊಸಗಾಲಿ
ನನ್ನದು ಬೇರೆ ಯಂತ್ರ, ಇಲ್ಲಿಯೇ ಕೇಳಲೇ? ಕೊನಿಕಾ 512 ಹೆಡ್‌ಗಳು, ಹಾರ್ಡ್ ಸಾಲ್ವೆಂಟ್. ಮುದ್ರಿಸುವಾಗ ಯಾವ ತೊಂದರೆಯೂ ಇಲ್ಲ. ಕರೆಂಟ್ ಹೋದರೆ ಮಾತ್ರ ಎಲ್ಲ ಬಣ್ಣಗಳೂ ಒಟ್ಟಿಗೆ ಹನಿಯಲು ಶುರುವಾಗುತ್ತವೆ.

ಎಂಟುಬಣ್ಣ
ಖಂಡಿತ ಕೇಳಿ. ನಿಮ್ಮ ಯಂತ್ರದಲ್ಲಿ ಋಣ ಒತ್ತಡ ಕೊಡುವುದು ವ್ಯಾಕ್ಯೂಮ್ ಪಂಪ್ ಅನಿಸುತ್ತದೆ. ಹೆಡ್‌ಗಳ ಮೇಲಿರುವ ಸಬ್ ಟ್ಯಾಂಕ್‌ಗಳಿಂದ (ಹೆಡ್‌ಗೆ ಇಂಕ್ ಕೊಡುವ ಸಣ್ಣ ಟ್ಯಾಂಕ್‌ಗಳು) ಅದು ಗಾಳಿ ಎಳೆದುಕೊಂಡಿರುತ್ತದೆ. ಕರೆಂಟ್ ಹೋದರೆ ಪಂಪ್ ನಿಲ್ಲುತ್ತದೆ. ಆಗ ಸಬ್ ಟ್ಯಾಂಕಿಗೆ ಹೊರಗಿನ ಗಾಳಿ ಸೇರದಂತೆ ಸಾಲಿನಲ್ಲಿರುವ ಸೊಲೆನಾಯ್ಡ್ (ವಿದ್ಯುತ್ತಿನಿಂದ ನಡೆಯುವ) ಕವಾಟ ಮುಚ್ಚಿಕೊಳ್ಳಬೇಕು. ಅದು ಪೂರ್ತಿ ಮುಚ್ಚದಿದ್ದರೆ ಎಲ್ಲ ಹೆಡ್‌ಗಳೂ ಒಟ್ಟಿಗೆ ಹನಿಯುತ್ತವೆ. ಕವಾಟ ಇದೆಯೇ ನೋಡಿ. ಸ್ವಿಚ್ ಆಫ್ ಮಾಡಿದಾಗ ‘ಟಕ್’ ಎಂಬ ಸದ್ದು ಕೇಳಿಸಬೇಕು.

ಹೊಸಗಾಲಿ
ಇದೆ. ಸದ್ದೂ ಬರುತ್ತದೆ. ಆದರೂ ಮಾಪಕದ ಮುಳ್ಳು ಬೇಗ ಸೊನ್ನೆಗೆ ಇಳಿಯುತ್ತದೆ. ವ್ಯಾಕ್ಯೂಮ್ ಟ್ಯೂಬಿನಲ್ಲಿ ಒಂದು ಕಡೆ ಕಪ್ಪು ಇಂಕ್ ನಿಂತಿರುವುದೂ ಕಾಣುತ್ತದೆ.

ಚಿಕ್ಕತಿರುಪು
ಆ ಕಪ್ಪು ಇಂಕೇ ನಿಮ್ಮ ಸುಳಿವು. ವ್ಯಾಕ್ಯೂಮ್ ಟ್ಯೂಬಿನಲ್ಲಿ ಇಂಕ್ ಇರಲೇಬಾರದು. ಕಪ್ಪಿನ ಸಬ್ ಟ್ಯಾಂಕಿನ ಫ್ಲೋಟ್ (ಇಂಕಿನ ಮಟ್ಟ ತಿಳಿಸುವ ತೇಲುಬಿಲ್ಲೆ) ಎಲ್ಲೋ ಅಂಟಿಕೊಂಡಿದೆ, ಟ್ಯಾಂಕ್ ತುಂಬಿದರೂ ಇಂಕ್ ಪಂಪ್ ನಿಂತಿಲ್ಲ. ಉಕ್ಕಿದ ಇಂಕನ್ನು ವ್ಯಾಕ್ಯೂಮ್ ಮೇಲಕ್ಕೆ ಎಳೆದಿದೆ. ಅದು ಕವಾಟದ ಬಾಯಿಯಲ್ಲಿ ಒಣಗಿದ್ದರೆ ಸದ್ದು ಬಂದರೂ ಕವಾಟ ಪೂರ್ತಿ ಕೂರುವುದಿಲ್ಲ. ಮೊದಲು ಫ್ಲೋಟ್ ತೆಗೆದು ಫ್ಲಶ್‌ನಲ್ಲಿ ತೊಳೆದು ಸರಾಗವಾಗಿ ಏಳುತ್ತದೆಯೇ ನೋಡಿ. ಆಮೇಲೆ ಟ್ಯೂಬ್ ಬದಲಿಸಿ, ಕವಾಟ ಬಿಚ್ಚಿ ಬಾಯಿ ಸ್ವಚ್ಛ ಮಾಡಿ. ಫ್ಲೋಟ್ ಸರಿಮಾಡದೆ ಕವಾಟ ಮಾತ್ರ ತೊಳೆದರೆ ಮತ್ತೆ ಅದೇ ಆಗುತ್ತದೆ, ಮುಂದಿನ ಸಲ ಇಂಕ್ ವ್ಯಾಕ್ಯೂಮ್ ಪಂಪಿನೊಳಗೇ ಹೋಗುತ್ತದೆ.

ರಾತ್ರಿಪಾಳಿ
ಅಲ್ಲಿಯವರೆಗೆ ವ್ಯಾಕ್ಯೂಮ್ ಪಂಪ್ ಮತ್ತು ಅದರ ಕಂಟ್ರೋಲರ್‌ಗೆ ಒಂದು ಸಣ್ಣ ಯುಪಿಎಸ್ ಕೊಡಿ. ಇಡೀ ಯಂತ್ರಕ್ಕೆ ಬೇಕಿಲ್ಲ.

ಹೊಸಗಾಲಿ
ಫ್ಲೋಟ್ ತೆಗೆದೆ. ಕಂಬಿಯ ಸುತ್ತ ಇಂಕ್ ಗಟ್ಟಿಯಾಗಿ ಕೂತಿದೆ, ಕೈಯಿಂದ ತಳ್ಳಿದರೂ ಅರ್ಧಕ್ಕೆ ನಿಲ್ಲುತ್ತದೆ. ತೊಳೆಯಲು ಫ್ಲಶ್‌ನಲ್ಲಿ ನೆನೆಹಾಕಿದ್ದೇನೆ. ಉಳಿದ ಬಣ್ಣಗಳ ಫ್ಲೋಟ್‌ಗಳನ್ನೂ ತೆಗೆಯಬೇಕೇ?

ಚಿಕ್ಕತಿರುಪು
ತೆಗೆಯಿರಿ. ಒಂದೊಂದಾಗಿ, ಒಂದನ್ನು ಕೂರಿಸಿದ ಮೇಲೆ ಇನ್ನೊಂದು. ಸೆನ್ಸರ್ ವೈರುಗಳು ಅದಲು ಬದಲಾಗದಂತೆ ಮೊದಲೇ ಬಣ್ಣದ ಹೆಸರು ಬರೆದು ಚೀಟಿ ಅಂಟಿಸಿ.